ಗುಂಡಿಗಿಳಿದ ಪ್ರಜೆ

ಮತ ಹಾಕಿ ಬಂದ ಮನುಷ್ಯನಷ್ಟು ಸುಖಿ ಇನ್ನೊಬ್ಬನಿಲ್ಲ. ಮಸಿ ಹಚ್ಚಿದ ಬೆರಳನ್ನು ಕಂಡವರಿಗೆಲ್ಲ ತೋರಿಸಿ, ಚಹಾ ಕುಡಿದು ಮನೆಗೆ ಬಂದರೆ ದೇಶದ ಕೆಲಸ ಮುಗಿಯಿತು. ಇನ್ನು ಮುಂದಿನ ಚುನಾವಣೆಯವರೆಗೆ ಬೈಯುವುದಷ್ಟೇ ಬಾಕಿ. ಗಜೇಂದ್ರಗಡದಲ್ಲಿ ಸೀರೆ ಅಂಗಡಿ ಇಟ್ಟಿರುವ ನಾನು, ಕುಳಿತಲ್ಲಿಂದಲೇ ಆ ಕೆಲಸವನ್ನು ತಪ್ಪದೆ ಮಾಡುತ್ತ ಬಂದವನು. ನನ್ನ ಹೆಂಡತಿ ಗಿರಿಜಾಳಿಗೆ ಮಾತ್ರ ಅಷ್ಟಕ್ಕೆ ಸಮಾಧಾನವಿಲ್ಲ.

ನಮ್ಮ ಓಣಿಗೆ ನೀರಿನ ಪೈಪು ಹಾಕಲು ಬಂದ ಗುತ್ತಿಗೆದಾರ ನಡುಬೀದಿಯಲ್ಲಿ ಗುಂಡಿ ತೋಡಿದ. ಪೈಪು ತರುತ್ತೇನೆಂದು ಹೋದವನು ತಿಂಗಳುಗಟ್ಟಲೆ ಪತ್ತೆಯೇ ಇಲ್ಲ. ಓಣಿ ತುಂಬ ನೇಕಾರರ ಮನೆಗಳು. ಸೀರೆಯ ನೂಲನ್ನು ಬೀದಿಯುದ್ದ ಎಳೆದು ಕಟ್ಟಿ, ಸಿಕ್ಕು ಬಿಡಿಸಿ, ಆಮೇಲೆ ಮಗ್ಗಕ್ಕೆ ಏರಿಸಬೇಕು. ಗುಂಡಿ ಬಾಯಿ ತೆರೆದು ಮಲಗಿದ್ದರೆ ನೂಲು ಎಳೆಯುವುದೆಲ್ಲಿ? ಮಗ್ಗಗಳು ಒಂದೊಂದಾಗಿ ನಿಂತವು. ಗಿರಿಜಾ, ಎದುರುಮನೆಯ ನೇಕಾರ ಹೆಣ್ಣುಮಗಳು ಕಸ್ತೂರೆವ್ವನ ಜೊತೆ ಪುರಸಭೆ ಕಚೇರಿಗೆ ಅಲೆದು ಅಲೆದು ಸಾಕಾಗಿ, ಕೊನೆಗೆ ಓಣಿಯ ಹೆಂಗಸರನ್ನೆಲ್ಲ ಕರೆದುಕೊಂಡು ಗುಂಡಿಯ ಸುತ್ತ ಧರಣಿ ಕುಳಿತಳು.

ಬುದ್ಧಿ ಹೇಳಲು ನಾನು ಹೋದೆ. ಗುಂಡಿಯ ಅಂಚಿಗೆ ನಿಂತು, "ನೋಡ್ರೆವಾ, ಪ್ರಜಾಪ್ರಭುತ್ವದಾಗ ತಾಳ್ಮಿ ಬೇಕು. ಒಂದೊಂದ ಹೆಜ್ಜಿ ಮುಂದ ಇಡಬೇಕು," ಎಂದು ಒಂದು ಹೆಜ್ಜೆ ಇಟ್ಟೂ ತೋರಿಸಿದೆ. ಮರುಕ್ಷಣ ನನ್ನ ಕಣ್ಣೆದುರು ಬರೀ ಮಣ್ಣು.

ಪುಣ್ಯಕ್ಕೆ ತಳದಲ್ಲಿ ಮೆತ್ತನೆಯ ಕೆಸರಿತ್ತು. ಮೇಲೆತ್ತಲೆಂದು ಕೈ ಚಾಚಿದೆ. ಗಿರಿಜಾ ಬಗ್ಗಿ ನೋಡಿದಳು.

"ಪೆಟ್ಟಾಗೇತೇನ್ರಿ?"

"ಇಲ್ಲ."

"ಖರೇನ?"

"ಖರೇ ಅಂದ್ನೆಲ್ಲ!"

"ಹಂಗಾರ ಅಲ್ಲೇ ಕುಂದರ್ರಿ. ನಾವು ಕುಂತ್ರ ಯಾರೂ ತಿರುಗಿ ನೋಡಂಗಿಲ್ಲ. ನೀವು ಬಿದ್ದೀರಿ ಅಂದ್ರ ಊರಿಗೂರ ಬರತೈತಿ."

ಬಂತು. ಕಸ್ತೂರೆವ್ವ ಹಗ್ಗ ಕಟ್ಟಿ ಮೊದಲು ಒಂದು ಸ್ಟೂಲು, ಆಮೇಲೆ ತಿನ್ನಲು ಒಂದು ತಟ್ಟೆ ಗಿರಮಿಟ್ಟು ಇಳಿಸಿದಳು. ಹತ್ತಾರು ಮೊಬೈಲುಗಳು ನನ್ನ ಬೋಳುತಲೆಯ ಚಿತ್ರ ತೆಗೆದವು. "ಏನ್ರಿ ಸಾಹುಕಾರ್ರ, ಅಂಗಡಿ ಇಲ್ಲಿಗೆ ಬದ್ಲಿ ಮಾಡೀರೇನು?" ಎಂದು ಯಾರೋ ಕೇಳಿದರು. ಸಿಟ್ಟು, ನಾಚಿಕೆ ಎರಡೂ ಆದವು. ಅಷ್ಟರಲ್ಲಿ ಕಚೇರಿಯ ಸಾಹೇಬರು ಏದುಸಿರು ಬಿಡುತ್ತ ಬಂದು, "ಮೊದ್ಲ ಮ್ಯಾಲ ಬರ್ರಿ, ಆಮ್ಯಾಲ ನೋಡೂಣು," ಎಂದರು. ಹೆಂಗಸರೆಲ್ಲ ನನ್ನನ್ನೇ ನೋಡುತ್ತಿದ್ದರು. ನನಗೆ ಎಲ್ಲಿಂದ ಹುರುಪು ಬಂತೋ, "ಪೈಪ್ ಬರೂತನಕ ನಾ ಮ್ಯಾಲ ಬರಂಗಿಲ್ಲ!" ಎಂದುಬಿಟ್ಟೆ. ಓಣಿಗೆ ಓಣಿಯೇ ಚಪ್ಪಾಳೆ ಹೊಡೆಯಿತು. ಗಿರಿಜಾ ನನ್ನನ್ನು ನೋಡಿ ಹಾಗೆ ನಕ್ಕು ಬಹಳ ಕಾಲವಾಗಿತ್ತು.

ಸಂಜೆಯೊಳಗೆ ಪೈಪು ಬಂತು, ನಾನು ಹೊರಬಂದೆ. ಮರುದಿನ ಗುಂಡಿಯೂ ಮುಚ್ಚಿತು. ಕೆಂಪು, ಹಸಿರು ನೂಲುಗಳು ಮತ್ತೆ ಬೀದಿಯುದ್ದ ಹರಡಿಕೊಂಡವು.

ಅದಾದ ಮೇಲೆ ಹಿಂದಿನ ಓಣಿಯ ಹಿರಿಯರು ಅಂಗಡಿಗೆ ಬಂದು ಕೈಮುಗಿದರು. ಮದುವೆ ಸೀರೆಗೆ ಬಂದಿರಬೇಕೆಂದು ನಾನು ಅವರು ಕೂರಲು ಗಾದಿ ಝಾಡಿಸಿದೆ.

"ಸೀರಿಗೆ ಅಲ್ರಿ. ನಮ್ಮ ಓಣ್ಯಾಗೂ ಒಂದ ಗುಂಡಿ ಐತಿ. ನೀವು ಯಾವಾಗ ಬಂದು ಬೀಳ್ತೀರಿ?"

ನಾನು ಬಾಯಿ ತೆರೆಯುವ ಮೊದಲೇ, ಸೀರೆ ಮಡಚುತ್ತಿದ್ದ ಗಿರಿಜಾ, "ಸೋಮವಾರ ಅಂಗಡಿ ಸೂಟಿ ಐತಿ. ಅವತ್ತ ಬರ್ತಾರ್ರಿ," ಎಂದಳು.

ನಾನು ವಾದಿಸಲಿಲ್ಲ. "ತಳದಾಗ ಕೆಸರೈತೋ, ಕಲ್ಲದಾವೋ?" ಎಂದಷ್ಟೇ ಕೇಳಿದೆ.