ಐದು ಡಬ್ಬಿ, ಒಂದು ಗುಂಯ್

ಗಿಟಾರು ಕಲಿತರೆ ಬೆರಳು ನೋಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ಮಾನ ಹೋಗುತ್ತದೆ ಎಂದು ಯಾರೂ ಹೇಳುವುದಿಲ್ಲ. ನನ್ನದು ತಿಂಗಳಿಗೊಮ್ಮೆಯಾದರೂ ಹೋಗುತ್ತಿರುತ್ತದೆ. ನಾನು ಚಿಕ್ಕೋಡಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಭಾನುವಾರ ಭಜನಾ ಮೇಳದಲ್ಲಿ ಗಿಟಾರು. ಮೇಳವೆಂದರೆ ಹಾರ್ಮೋನಿಯಂ ಪೇಟಿ, ತಬಲಾ, ತಾಳ, ನಾನು, ನಡುವೆ ಹಾಡುವ ಕಬ್ಬೂರಿನ ಬುವಾ. ಎಪ್ಪತ್ತು ದಾಟಿದ ಟೇಲರು, ಕಿವಿ ಸ್ವಲ್ಪ ಮಂದ. ಕನ್ನಡ ತತ್ವಪದ ಮುಗಿಸಿ ಅದೇ ಉಸಿರಿನಲ್ಲಿ ಮರಾಠಿ ಅಭಂಗ ಎತ್ತಿಕೊಳ್ಳುತ್ತಿದ್ದರು. ಬುವಾ ಈಗಲೂ ಗಟ್ಟಿಮುಟ್ಟಾಗಿದ್ದಾರೆ. ಆದರೂ 'ಎತ್ತಿಕೊಳ್ಳುತ್ತಿದ್ದರು' ಎಂದು ಬರೆಯಬೇಕಾಗಿದೆ. ಅದಕ್ಕೆ ಕಾರಣ ನಾನು.

೧. ಖಾರದ ಡಬ್ಬಿ

ಗಿಟಾರಿನ ಸದ್ದು ಬದಲಿಸಲು ಕಾಲಿನಿಂದ ಒತ್ತುವ ಪೆಡಲ್ ಎಂಬ ಡಬ್ಬಿಗಳಿರುತ್ತವೆ. ಒಂದು ಸದ್ದನ್ನು ಒರಟು ಮಾಡುತ್ತದೆ, ಇನ್ನೊಂದು ಪ್ರತಿಧ್ವನಿ ಕೊಡುತ್ತದೆ. ನನ್ನ ಬಳಿ ಅಂಥವು ಐದು. ಹಲಗೆಯ ಮೇಲೆ ಸಾಲಾಗಿ ಜೋಡಿಸಿ ಸ್ಪೀಕರ್ ಹಚ್ಚಿದರೆ ಸಾಕು, ನಾನು ತಂತಿ ಮುಟ್ಟುವ ಮೊದಲೇ ಗುಂಯ್ ಎಂದು ಶುರುವಾಗುತ್ತಿತ್ತು.

ಒಮ್ಮೆ ಹೆಂಡತಿ ಧೂಳು ಒರೆಸಿ ಡಬ್ಬಿಗಳನ್ನು ತನಗೆ ತಿಳಿದಂತೆ ಇಟ್ಟಿದ್ದಳು. ನಾನು ಅವಸರದಲ್ಲಿ ನೋಡದೆ ಹಾಗೆಯೇ ವೈರು ಸಿಕ್ಕಿಸಿದೆ. ಗುಂಯ್ ಅರ್ಧಕ್ಕರ್ಧ ಕಡಿಮೆ! ಒರಟು ಮಾಡುವ ಕೆಂಪು ಡಬ್ಬಿ ಎಲ್ಲಕ್ಕಿಂತ ಮುಂದೆ ಬಂದಿತ್ತು.

"ಇದನ್ಯಾಕ ಮುಂದ ಇಟ್ಟಿ?" ಎಂದೆ.

"ಕೆಂಪಂದು ನೋಡಿ ಖಾರದ ಡಬ್ಬಿ ನೆನಪಾತ್ರಿ. ಖಾರ ಮೊದಲ ಕೈಗೆ ಸಿಗಬೇಕಲ್ಲ?"

ಇಪ್ಪತ್ತು ವರ್ಷ ವಿದ್ಯುತ್ತಿನ ಪಾಠ ಹೇಳಿದವನು ಖಾರದ ಡಬ್ಬಿಯಿಂದ ಕಲಿಯುವುದೇ? ಎಲ್ಲವನ್ನೂ ಮತ್ತೆ ನನ್ನ ಕ್ರಮಕ್ಕೇ ತಂದೆ. ನನ್ನ ಮರ್ಯಾದೆಯೂ ಉಳಿಯಿತು, ಗುಂಯ್ ಕೂಡ ಉಳಿಯಿತು.

೨. ಮೂರು ಸುತ್ತು

ಕುಡಚಿಯಲ್ಲಿ ಒಂದು ಹೊಸ ಮನೆಯ ವಾಸ್ತುಶಾಂತಿ. ಅಲ್ಲಿ ಗುಂಯ್ ವಿಪರೀತವಾಯಿತು. ಬುವಾ ಎಂದಿನಂತೆ ನನ್ನ ಸ್ಪೀಕರಿಗೆ ಬೆನ್ನು ಹಚ್ಚಿ ಕೂತಿದ್ದರು. "ಇರ್ಲಿ ಬಿಡ್ರಿ ಮಾಸ್ತರ, ಅದೇನ ಊಟಾ ಕೇಳತೈತೇನು?" ಎಂದರು. ನಾನು ಕೇಳಲಿಲ್ಲ. ವೈರಿಂಗಿನವನನ್ನು ಹಿಡಿದೆ.

"ಅರ್ಥಿಂಗ್ ಒಣಗೈತ್ರಿ. ನಾಕು ಕೊಡ ನೀರು ಹಾಕ್ರಿ, ಎರಡು ಮುಷ್ಟಿ ಉಪ್ಪು ಹಾಕ್ರಿ" ಎಂದ ಅವನು.

ಕೊರಳಲ್ಲಿ ಗಿಟಾರು ಹಾಕಿಕೊಂಡೇ ಹಿತ್ತಲಿಗೆ ಹೋದೆ. ಕೆಸರಾಗುತ್ತದೆಂದು ಚಪ್ಪಲಿ ಬಿಟ್ಟೆ. ಅರ್ಥಿಂಗ್ ಪೈಪು ಹುಗಿದ ಜಾಗಕ್ಕೆ ನೀರು ಸುರಿದು, ಬಗ್ಗಿ ಉಪ್ಪು ಹಾಕಿದೆ. ತಿರುಗಿ ನೋಡಿದರೆ ಹಿಂದೆ ಏಳೆಂಟು ಮುತ್ತೈದೆಯರು ಚಪ್ಪಲಿ ಬಿಟ್ಟು ಸಾಲಾಗಿ ನಿಂತಿದ್ದಾರೆ. ಒಬ್ಬರು ಆಗಲೇ ಆ ಪೈಪಿಗೆ ಅರಿಷಿಣ ಕುಂಕುಮ ಹಚ್ಚಿಬಿಟ್ಟರು. ಇನ್ನೊಬ್ಬರು ಭಕ್ತಿಯಿಂದ ಕೇಳಿದರು, "ಎಷ್ಟ ಸುತ್ತ ಹಾಕಬೇಕ್ರಿ?"

ನಿಜ ಹೇಳಲು ನಾಚಿಕೆಯಾಗಿ "ಮೂರು" ಎಂದುಬಿಟ್ಟೆ.

೩. ಅಥಣಿಯ ಶಾಂತಿ

ಕೊನೆಗೆ ಹಟಕ್ಕೆ ಬಿದ್ದು ಆರನೆಯ ಡಬ್ಬಿ ತರಿಸಿದೆ. ನಾವು ಬಾರಿಸದೆ ಇರುವಾಗ ಗಿಟಾರಿನ ಸದ್ದಿಗೇ ಬಾಗಿಲು ಹಾಕುವ ಡಬ್ಬಿ ಅದು. ಗುಟ್ಟಾಗಿ ಹೆಂಡತಿಯ ಕ್ರಮಕ್ಕೂ ಮರಳಿದೆ. ಅಥಣಿಯ ಕಾರ್ಯಕ್ರಮದಲ್ಲಿ ಸ್ಪೀಕರ್ ಹಚ್ಚಿದರೆ ಉಸಿರಿಲ್ಲ. ಎರಡು ವರ್ಷದ ವೈರಿ ಸತ್ತಿದ್ದ. ನಾನು ಮೀಸೆ ತಿರುವುತ್ತ ಕೂತೆ.

ಎರಡನೇ ನುಡಿಗೆ ಬುವಾ ಸುರ ತಪ್ಪಿದರು. ಪೇಟಿಯವನು ಜೋರಾಗಿ ಒತ್ತಿ ತೋರಿಸಿದ. ಅವರು ಇನ್ನಷ್ಟು ತಪ್ಪಿದರು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಬುವಾ ಹಾಡನ್ನು ಅರ್ಧಕ್ಕೇ ಬಿಟ್ಟು ಕೈಮುಗಿದರು. ಅವರು ಹಾಗೆ ಮಾಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ವಾಪಸು ಬರುವಾಗ ಜೀಪಿನಲ್ಲಿ ನಾನು ಮೂರ್ಖನಂತೆ ಕೇಳಿದೆ. "ಇವತ್ತ ಎಷ್ಟ ಕ್ಲಿಯರ್ ಕೇಳಸ್ತು, ನೋಡಿದ್ರೇನು ಬುವಾ?"

"ಹೌದ್ರಿ ಮಾಸ್ತರ," ಎಂದರು ಅವರು. "ನಾ ತಪ್ಪಿದ್ದೆಲ್ಲಾ ಕ್ಲಿಯರ್ ಕೇಳಸ್ತು."

ಮುಂದಿನ ವಾರ ಕಾಗವಾಡಕ್ಕೆ ಅವರು ಬರಲಿಲ್ಲ. ಅದರ ಮುಂದಿನ ವಾರ ಮಂಗಸೂಳಿಗೂ ಬರಲಿಲ್ಲ.

೪. ಕಬ್ಬೂರಿನಲ್ಲಿ

ಹುಡುಕಿಕೊಂಡು ಹೋದಾಗ ಬುವಾ ಅಂಗಿಗೆ ಕಾಜಾ ಹಾಕುತ್ತ ಕೂತಿದ್ದರು. ಚಹಾ ತರಿಸಿದರು. ಬಹಳ ಒತ್ತಾಯ ಮಾಡಿದ ಮೇಲೆ ಬಾಯಿಬಿಟ್ಟರು.

"ಪೇಟಿ ನನಗ ಸರಿಯಾಗಿ ಕೇಳಂಗಿಲ್ರಿ. ನಿಮ್ಮ ಸ್ಪೀಕರ್ ಗುಂಯ್ ಅಂತಿತ್ತಲ್ಲ, ಅದು ಸ್ಪೀಕರಿನ ಹಲಗಿ ಮ್ಯಾಲಿಂದ ಬೆನ್ನಾಗ ಬರ್ತಿತ್ತು. ಪೇಟಿಯ ಐದನೇ ಬಿಳಿ ಮನಿ ಒತ್ತಿದ್ರ ಬರೂ ಸುರಾನ ಅದು, ಒಂದ ಕೂದಲ ಅತ್ತಿತ್ತ ಇಲ್ಲ. ಅದನ್ನ ಹಿಡಕೊಂಡು ಹಾಡ್ತಿದ್ನಿ. ಅಥಣ್ಯಾಗ ಅದು ಬರ್ಲೇ ಇಲ್ಲ."

"ಮೊದಲ ಹೇಳಬಾರದೇನ್ರಿ ಬುವಾ?"

"ಎರಡ ವರ್ಷ ಅದರ ಸಲುವಾಗಿ ಒದ್ದಾಡಿದ್ರಿ. ಅವತ್ತ ನಿಮ್ಮ ಮುಖದಾಗಿನ ಖುಷಿ ನೋಡಿದ್ನಿ. ಹೆಂಗ ಹೇಳ್ಲಿ?"

ಆ ಗುಂಯ್ ಅವರ ತಂಬೂರಿಯಾಗಿತ್ತು. ಅದರ ತಂತಿಯನ್ನು ನಾನೇ ಕಡಿದು, ಅವರ ಮುಂದೆಯೇ ಮೀಸೆ ತಿರುವಿದ್ದೆ. ಆರನೆಯ ಡಬ್ಬಿ ತೆಗೆದುಹಾಕುತ್ತೇನೆ, ಸ್ಟೇಜಿಗೆ ಬನ್ನಿ ಎಂದು ಗೋಗರೆದೆ. ಆ ನಗು ಇನ್ನೂ ಕಿವಿಯಲ್ಲಿದೆ ಎಂದರು. ಸ್ಟೇಜಿನ ಮಾತಿಗೆ ಇವತ್ತಿಗೂ ಒಲ್ಲೆನೆಂದು ತಲೆ ಅಲ್ಲಾಡಿಸುತ್ತಾರೆ.

ಕೊನೆಗೆ ಒಂದು ಭಾನುವಾರ ಸ್ಪೀಕರು, ಐದು ಡಬ್ಬಿ ಹೊತ್ತು ಅವರ ಮನೆಗೇ ಹೋದೆ. ಹಚ್ಚಿದರೆ ಬೆನ್ನಿಗೆ ತಾಗುವಷ್ಟು ಸದ್ದೇ ಇಲ್ಲ! ಎರಡು ವರ್ಷ ಗುಂಯ್ ನಿಲ್ಲಿಸಲು ಬೆವರಿದವನು ಈಗ ಅದನ್ನು ತರಿಸಲು ಬೆವರಿದೆ. ಕಡೆಗೆ ಕೆಂಪು ಡಬ್ಬಿಯನ್ನು ಎಲ್ಲಕ್ಕಿಂತ ಹಿಂದೆ ತಳ್ಳಿ, ನನ್ನ ಹಳೆಯ ತಪ್ಪು ಕ್ರಮಕ್ಕೆ ತಂದೆ. ಗುಂಯ್!

ಬುವಾ ಸ್ಪೀಕರಿಗೆ ಬೆನ್ನು ಹಚ್ಚಿ ಕೂತರು. ಕಣ್ಣು ಮುಚ್ಚಿ ಅಭಂಗ ಎತ್ತಿಕೊಂಡರು. ಎಲ್ಲಿಯೂ ಕೂದಲೆಳೆಯಷ್ಟು ತಪ್ಪಲಿಲ್ಲ. ಜೊತೆಗೂಡೋಣವೆಂದು ನಾನು ಗಿಟಾರು ಎತ್ತಿಕೊಂಡು ಒಂದು ತಂತಿ ಮೀಟಿದೆ.

ಬುವಾ ಕಣ್ಣು ಮುಚ್ಚಿಕೊಂಡೇ ಕೈ ಎತ್ತಿ ತಡೆದರು.

"ನೀವು ಬಾರಿಸಬ್ಯಾಡ್ರಿ ಮಾಸ್ತರ. ಅದು ಸುರದಾಗ ಐತಿ."