ಕಾಲು ಬಂದ ಜಲ್ಲಿಕಲ್ಲು

ನಾನು ದೆವ್ವಕ್ಕಿಂತ ಮನುಷ್ಯರಿಗೆ ಹೆಚ್ಚು ಹೆದರುವವಳು. ಕುಣಿಗಲ್ ಕಡೆಯ ನನ್ನ ತವರೂರ ಶಾಲೆಯಲ್ಲಿ ಹಾಜರಿ ಕೂಗಿದರೆ ‘ಬಂದಿದೀನಿ ಸಾ’ ಎನ್ನಲಾರದೆ, ಮೇಷ್ಟ್ರ ಎದುರಿಗೇ ಕೂತು ಎಷ್ಟೋ ದಿನ ಗೈರುಹಾಜರಾಗಿದ್ದೇನೆ. ನಮ್ಮ ಉಪ್ಪಾರಹಳ್ಳಿ ಮನೆಗೆ ಮಹಡಿ ಯಾಕಿಲ್ಲ ಎಂದು ಮೊಮ್ಮಕ್ಕಳು ಕೇಳುತ್ತೀರಲ್ಲ, ಅದಕ್ಕೂ ಇದೇ ಕಾರಣ.

ನಿಮ್ಮ ತಾತ ತೀರಿಕೊಂಡ ವರ್ಷ, ಎಂಬತ್ತನೇ ಇಸವಿಯ ಆಚೀಚೆ. ಮಹಡಿಗೆಂದು ಅವರು ತಾರಸಿಗೆ ಹೊರಿಸಿದ್ದ ಜಲ್ಲಿ ಹಾಗೇ ಹರಡಿಕೊಂಡಿತ್ತು. ಆ ಬೇಸಿಗೆ, ಬೀದಿಯಲ್ಲಿ ನಾಯಿಯೂ ಅಲುಗದ ಮಧ್ಯಾಹ್ನದ ಹೊತ್ತು, ತಾರಸಿಯ ಮೇಲೆ ಯಾರೋ ಕಿರುಚುತ್ತಿದ್ದರು. ಮೆಟ್ಟಿಲಿಂದ ಇಣುಕಿದರೆ ಯಾರೂ ಇಲ್ಲ. ಕಿರುಚಾಟ ಈಗ ಹಿತ್ತಲಿನಾಚೆ. ಕೆಳಗಿಳಿದರೆ ಮತ್ತೆ ಜಲ್ಲಿಯ ಮೇಲೆ ಸರಸರ ಹೆಜ್ಜೆ. ಪಕ್ಕದ ಮನೆಯ ಜುಬೇದಾ ಕಾಂಪೌಂಡಿನ ಮೇಲಿಂದ ಬಗ್ಗಿ, “ಯಜಮಾನ್ರಿಗೆ ಮಹಡಿ ಮೇಲೇ ಜೀವ ಇತ್ತು ಕಣಕ್ಕಾ. ನೋಡ್ಕೊಂಡು ಹೋಗೋಕೆ ಬಂದವ್ರೇನೋ” ಎಂದಳು. “ಸುಮ್ನಿರೇ” ಎಂದೆ. ಎಂದೆನೋ, ಎಂದುಕೊಂಡೆನೋ.

ಭಯವೆಂದು ಸಂಡಿಗೆ ಹಾಕದಿರಲಾದೀತೆ? ತಾತನ ಹಳೇ ಪಂಚೆ ಹಾಸಿ ಸಂಡಿಗೆ ಇಟ್ಟೆ. ಗಾಳಿಗೆ ಹಾರದಂತೆ ಮೂಲೆಗೊಂದು ಜಲ್ಲಿಕಲ್ಲು. ನಾಲ್ಕನೆಯ ಕಲ್ಲು ಅಂಗೈಯಲ್ಲಿ ಮೆತ್ತಗಿತ್ತು. ಒಳಗೆ ಏನೋ ಡವಡವ ಎನ್ನುತ್ತಿತ್ತು. ಮೆಲ್ಲಗೆ ಪಂಚೆಯ ಮೂಲೆಗೇ ಇಟ್ಟೆ. ಅದು ಸ್ವಲ್ಪ ಹೊತ್ತು ಕಲ್ಲಾಗಿಯೇ ಇತ್ತು. ಆಮೇಲೆ ಕಡ್ಡಿಯಂಥ ಎರಡು ಕಾಲು ಬಂದು, ಸಂಡಿಗೆ ದಾಟಿ ಓಡಿತು. ಅದರ ಹಿಂದೆ ಇನ್ನೆರಡು ಕಲ್ಲು ಎದ್ದು ನಡೆದವು.

ತವರೂರ ಕೆರೆಯಂಗಳದಲ್ಲಿ ಕಲ್ಲುಗಳ ನಡುವೆ ಮೊಟ್ಟೆಯಿಡುತ್ತಿದ್ದ ಟಿಟ್ಟಿಭ ಹಕ್ಕಿಯ ಮರಿಗಳು! ಇವಕ್ಕೆ ತಾಯಿ ಗುಟುಕು ಕೊಡುವುದಿಲ್ಲ. ಹುಟ್ಟಿದ ದಿನವೇ ನಡೆದಾಡಿ ಹುಳ ಹೆಕ್ಕುತ್ತವೆ. ತಾಯಿ ಕಿರುಚಿದರೆ ಇದ್ದಲ್ಲೇ ಕಲ್ಲಾಗುತ್ತವೆ.

ಮರುದಿನ ಮಹಡಿ ಕೆಲಸ ಶುರುಮಾಡಲೆಂದು ಜಲ್ಲಿ ಬಾಚಲು ಗುಬ್ಬಿಯಿಂದ ಗಾರೆ ಸಿದ್ದಪ್ಪ ಬರುವವನಿದ್ದ. ‘ನಾಲ್ಕು ದಿನ ಬಿಟ್ಟು ಬಾಪ್ಪ’ ಎಂಬ ಮಾತನ್ನು ಬೆಳಗಿನಿಂದ ಒಲೆಯ ಮುಂದೆ ಬಾಯಿಪಾಠ ಮಾಡಿದೆ. ಅವನು ಬಂದವನೇ ತಾರಸಿಗೆ ಹತ್ತಿ, “ಅಮ್ಮಾ, ಬಾಚ್ಬುಡ್ಲಾ?” ಎಂದ. ಹಿಂದೆ ನಿಂತ ನನಗೆ ನಾಲಗೆ ಏಳಲಿಲ್ಲ. ತಾಯಿಹಕ್ಕಿ ಕಿರುಚಿತು; ಮರಿಗಳು ಅವನ ಸಲಿಕೆಯ ಎದುರಿಗೇ ಕಲ್ಲಾದವು. ಸಲಿಕೆ ಎದ್ದಿತು. ನನ್ನ ಬಾಯಿಂದ ಹೊರಟದ್ದು ಮಾತಲ್ಲ; ಆ ಹಕ್ಕಿಯದೇ ಕಿರುಚು. ಸಿದ್ದಪ್ಪ ತಿರುಗಿ ನನ್ನನ್ನು ನೋಡಿದ. ಸಲಿಕೆ ಠಣ್ಣೆಂದು ಬಿತ್ತು. ಅವನ ಕಾಲಬುಡದ ಮೂರು ಕಲ್ಲು ಎದ್ದು ಓಡಿದವು. ಅವನೂ ಓಡಿದ.

ಸಂಜೆ ತಾಯಿ ಹಿತ್ತಲಿಂದ ಕರೆಯಿತು. ಮರಿಗಳು ಒಂದೊಂದೇ ತಾರಸಿಯಿಂದ ಧುಮುಕಿ, ಹುಲ್ಲಿನಲ್ಲಿ ಕಾಣದಾದವು.

“ಆ ಅಮ್ಮನ ಮೈಮೇಲೆ ಯಜಮಾನ್ರು ಬರ್ತಾರೆ” ಎಂದು ಸಿದ್ದಪ್ಪ ಊರೆಲ್ಲ ಹೇಳಿದ. ಗಾರೆಯವರು ಯಾರೂ ಮತ್ತೆ ನಮ್ಮ ಮೆಟ್ಟಿಲು ಹತ್ತಲಿಲ್ಲ. ಅದು ಹಕ್ಕಿ ಕಣಪ್ಪ ಎಂದು ಒಂದು ಮಾತು ಹೇಳಿದ್ದರೆ ಮಹಡಿ ಏಳುತ್ತಿತ್ತು. ಶಿರಾ ಗೇಟಿನಲ್ಲಿ ಅವನು ಎದುರಾದಾಗಲೆಲ್ಲ ಧೈರ್ಯ ಮಾಡಿ ಬಾಯಿ ತೆರೆಯುತ್ತೇನೆ. ತೆರೆದ ಬಾಯಿ ಕಂಡದ್ದೇ ಅವನು ರಸ್ತೆ ದಾಟಿಬಿಡುತ್ತಾನೆ.