ನಮ್ಮ ಶಾಲೆಗೆ ಟೇಪ್ ರೆಕಾರ್ಡರ್ ಬಂದದ್ದು

ಕುಂದಗೋಳ ತಾಲೂಕಿನಲ್ಲಿ ಆಧುನಿಕ ಶಿಕ್ಷಣದ ಹರಿಕಾರ ಯಾರೆಂದು ಎಂಬತ್ತರ ದಶಕದಲ್ಲಿ ಯಾರಾದರೂ ಕೇಳಿದ್ದರೆ ನಾನು ವಿನಯದಿಂದ ತಲೆ ತಗ್ಗಿಸುತ್ತಿದ್ದೆ. ಯಾರೂ ಕೇಳಲಿಲ್ಲ. ಆದರೂ ತಗ್ಗಿಸಲು ತಯಾರಾಗಿದ್ದೆ.

ಯರಗುಪ್ಪಿಯಿಂದಾಚೆ ಒಂದು ಸಣ್ಣ ಹಳ್ಳಿ. ಒಂದರಿಂದ ನಾಲ್ಕನೆಯ ಇಯತ್ತೆಯವರೆಗೆ ಶಾಲೆ. ಇದ್ದವರು ಇಬ್ಬರೇ ಶಿಕ್ಷಕರು. ಅವರಲ್ಲಿ ಎಲ್ಲರೂ ಅಕ್ಕೋರು ಎನ್ನುತ್ತಿದ್ದ ಶಿಕ್ಷಕಿ ಹೆರಿಗೆ ರಜೆಯ ಮೇಲೆ ಹೋದರು. ನಾಲ್ಕೂ ವರ್ಗ ನನ್ನ ಕೊರಳಿಗೆ ಬಿದ್ದವು. ಒಂದನೆಯವರಿಗೆ ಅಕ್ಷರ ತಿದ್ದಿಸುವಷ್ಟರಲ್ಲಿ ನಾಲ್ಕನೆಯವರು ಕಿಟಕಿ ಹಾರಿ ಕಡಲೆ ಹೊಲ ಸೇರುತ್ತಿದ್ದರು.

ಅಂಥ ಹೊತ್ತಿನಲ್ಲಿ ಶಿಕ್ಷಣ ಇಲಾಖೆಯಿಂದ ಟೇಪ್ ರೆಕಾರ್ಡರ್ ಬಂತು. ಅದನ್ನು ಬಳಸುವ ತರಬೇತಿಯನ್ನೂ ನಾನು ಪಡೆದಿದ್ದೆ. ತರಬೇತಿಯಲ್ಲಿ ಕೊನೆಯ ಸಾಲಿನಲ್ಲಿ ಕೂತಿದ್ದರಿಂದ ಯಂತ್ರ ಕಾಣಲಿಲ್ಲ, ಮುಂದಿನವರ ಟೊಪ್ಪಿಗೆ ಕಂಡಿತು. ಒಂದು ತಿಂಗಳೊಳಗೆ ತಪಾಸಣೆಯ ಸಾಹೇಬರು ಬಂದು ನೋಡುತ್ತಾರೆ, ಬಳಸದಿದ್ದರೆ ಬೇರೆ ಶಾಲೆಗೆ ಒಯ್ಯುತ್ತಾರೆ ಎಂಬ ಕಟ್ಟಪ್ಪಣೆಯೂ ಜೊತೆಗೆ ಬಂದಿತ್ತು. ಯಂತ್ರ ಹೋದರೆ ನಾಲ್ಕನೆಯ ವರ್ಗ ಕಡಲೆ ಹೊಲದಲ್ಲೇ ಪಾಸಾಗಬೇಕು!

ಮೊದಲ ಅಡ್ಡಿ ಕರೆಂಟು. ಶಾಲೆಯಲ್ಲಿ ಬಲ್ಬಿನ ಹೋಲ್ಡರ್ ಇತ್ತು, ಅದರ ಮೇಲೆ ಗುಬ್ಬಿಯ ಗೂಡಿತ್ತು, ಕರೆಂಟು ಮಾತ್ರ ಇರಲಿಲ್ಲ. ಸೆಲ್ ಹಾಕಿದೆ. ಅಂಗಡಿಯಲ್ಲಿ ಎಷ್ಟು ಕಾಲದಿಂದ ಕೂತಿದ್ದ ಸೆಲ್ಲೋ, ನನ್ನ ದನಿ ನಿದ್ದೆಗಣ್ಣಿನ ಎಮ್ಮೆಯ ಹಾಗೆ ಹೊರಟಿತು. ಸೆಲ್ಲುಗಳನ್ನು ತೆಗೆದು ಹಪ್ಪಳದಂತೆ ಮಾಳಿಗೆಯ ಮೇಲೆ ಬಿಸಿಲಿಗಿಟ್ಟೆ. ಸ್ವಲ್ಪ ಜೀವ ಬಂತು. ಇದ್ದ ಜೀವವನ್ನು ಉಳಿಸಿ ಬಳಸಬೇಕೆಂದು ತೀರ್ಮಾನಿಸಿದೆ.

ಭಾನುವಾರ ಮುಂಜಾನೆ ಮನೆಯ ಪಡಸಾಲೆಯಲ್ಲಿ ಕೂತು ಗ್ರಹಗಳ ಪಾಠವನ್ನು ರೆಕಾರ್ಡ್ ಮಾಡತೊಡಗಿದೆ. ಒಂದು ಗ್ರಹದ ಹೆಸರು ಹೇಳುವುದು, ಮಕ್ಕಳು ತಿರುಗಿ ಹೇಳಲಿಕ್ಕೆಂದು ಸುಮ್ಮನಿರುವುದು, ಆಮೇಲೆ ಮುಂದಿನದು. ಭೂಮಿಯವರೆಗೆ ಬಂದಿದ್ದೆ. ಅಡುಗೆಮನೆಯಿಂದ ನನ್ನ ಹೆಂಡತಿ ನೀಲಾ ಹೊರಗೆ ಬಂದು ಜೋಳದ ಹಿಟ್ಟು ತೀರಿದ ಸಮಾಚಾರ ಹೇಳಿದಳು. ನಾನು ಅತ್ಯಂತ ಸಮಯಪ್ರಜ್ಞೆಯಿಂದ ಯಂತ್ರವನ್ನು ತಡೆಯುವ ಬಟನ್ ಒತ್ತಿ, ಅವಳನ್ನು ಸಮಾಧಾನಪಡಿಸಿ, ಮತ್ತೆ ಬಟನ್ ಒತ್ತಿ ಮಂಗಳದಿಂದ ಮುಂದುವರಿಸಿದೆ. ಆಗಿದ್ದನ್ನು ಒಮ್ಮೆ ಕೇಳಿ ನೋಡಬಹುದಿತ್ತು. ಆದರೆ ಹೇಳಿದವನು ನಾನೇ, ನನ್ನ ಮಾತು ನನಗೆ ಗೊತ್ತಿಲ್ಲವೇ? ಸೆಲ್ ಯಾಕೆ ದಂಡ?

ಸೋಮವಾರದಿಂದ ನಾಲ್ಕನೆಯವರನ್ನು ಬೇವಿನ ಗಿಡದ ಕೆಳಗೆ ಕೂರಿಸಿ, ನಡುವೆ ಯಂತ್ರ ಇಟ್ಟೆ. ಟೇಪು ಹೇಳಿದ್ದನ್ನೆಲ್ಲ ಹೇಳಬೇಕು, ಒಂದಕ್ಷರ ಬಿಡಬಾರದು ಎಂದು ತಾಕೀತು ಮಾಡಿ ಒಳಗೆ ಹೋಗಿ ಉಳಿದ ಮೂರು ವರ್ಗಗಳ ಗದ್ದಲದಲ್ಲಿ ಮುಳುಗಿದೆ. ಹೊರಗೆ ಮಕ್ಕಳು ಹುರುಪಿನಿಂದ ಒದರುವುದು ಕೇಳುತ್ತಿತ್ತು. ಯಾರೂ ಹೊಲಕ್ಕೆ ಹೋಗಲಿಲ್ಲ. ಬರಬರುತ್ತ ಎರಡನೆಯವರೂ ಮೂರನೆಯವರೂ ಅಲ್ಲಿಗೇ ಹೋಗುತ್ತೇವೆಂದು ಹಟ ಹಿಡಿದರು. ನನ್ನ ಎದೆ ಉಬ್ಬಿತು.

ಸಾಹೇಬರು ಬಂದ ದಿನ ಬೆಳಿಗ್ಗೆ ಮಳೆಯಾಗಿತ್ತು. ಎರಿ ಮಣ್ಣು ಸೈಕಲ್ಲಿನ ಗಾಲಿಗೆ ಮೆತ್ತಿಕೊಂಡು, ಸೈಕಲ್ಲು ಅವರನ್ನು ಹೊರುವ ಬದಲು ಅವರೇ ಅದನ್ನು ಹೊತ್ತು ತಂದಿದ್ದರು. ಮುಖ ಕೆಂಪಾಗಿತ್ತು. ನೀರು ಕುಡಿದು, ಟೊಪ್ಪಿಗೆ ತೆಗೆದು, ಬೆವರು ಒರೆಸಿಕೊಂಡು ಯಂತ್ರ ಬಳಸುತ್ತೀರೋ ಇಲ್ಲವೋ ಎಂದು ಕೇಳಿದರು. ಯಂತ್ರವೇ ಬೇಡ, ಮಕ್ಕಳನ್ನೇ ಕೇಳಿ ಎಂದೆ ನಾನು. ಆ ಧೈರ್ಯ ಎಲ್ಲಿಂದ ಬಂತೋ!

ನಾಲ್ಕನೆಯವರು ಎದ್ದು ಕೈ ಕಟ್ಟಿ ನಿಂತರು. ಇಡೀ ವರ್ಗ ಒಂದೇ ದನಿಯಲ್ಲಿ ಶುರು ಮಾಡಿತು.

"ಬುಧ. ಶುಕ್ರ. ಭೂಮಿ. ರೀ, ಹಿಟ್ಟ ತೀರೇತಿ, ಗಿರಣಿಗೆ ಹೋಗಿ ಬರ್ರಿ."

ನನಗೆ ಕೇಳಿದ್ದು ನಿಜವೋ ಭ್ರಮೆಯೋ ತಿಳಿಯಲಿಲ್ಲ. ಸಾಕು ಎಂದು ಕೈ ಬೀಸಿದೆ. ಜೋರಾಗಿ ಹೇಳಿ ಎಂದು ತಿಳಿದ ಮಕ್ಕಳು ದನಿ ಏರಿಸಿದರು.

"ತಡಿ ಮಾರಾಯ್ತಿ, ಆ ಬೋಳತಲಿ ಸಾಹೇಬ ಬರಾಂವ ಇದ್ದಾನ. ಬಂದರ ಬರ್ಲಿ, ಸಾಹೇಬ ಬಂದು ರೊಟ್ಟಿ ಬಡೀತಾನೇನ್ರಿ? ಮಂಗಳ. ಗುರು. ಶನಿ."

ಸಾಹೇಬರ ಕೈ ನಿಧಾನವಾಗಿ ತಮ್ಮ ತಲೆಯ ಮೇಲೆ ಹೋಗಿ ಅಲ್ಲೇ ಕೂತಿತು. ನನ್ನ ನೌಕರಿ, ಬಡ್ತಿ, ನಿವೃತ್ತಿ ಎಲ್ಲ ಒಂದರ ಹಿಂದೊಂದು ಕಣ್ಣ ಮುಂದೆ ಹಾದು ಹೋದವು. ಅವರು ಯುರೇನಸ್‌ನ ನಂತರ ಯಾವುದೆಂದು ಕೇಳಿದರು. ಅರ್ಧ ವರ್ಗ ಗಿಡ ನೋಡಿತು. ಹಿಟ್ಟು ತೀರಿದ ಮೇಲೆ ಏನೆಂದು ಕೇಳಿದರು. ಎಲ್ಲರೂ ತಡವರಿಸದೆ ಒಪ್ಪಿಸಿದರು.

"ಮಾಸ್ತರ, ಆ ಹೆಣ್ಣದನಿ ಯಾರದು?"

"ನಮ್ಮ ಮನ್ಯಾಕಿದ್ರಿ, ಸಾಹೇಬ್ರ. ತಪ್ಪಾತ್ರಿ."

"ತಪ್ಪು ನಿಮ್ಮದು ಬಿಡ್ರಿ. ಆಕಿ ಹೇಳಿದ್ದು ಒಂದಕ್ಷರ ಮರ್ತಿಲ್ಲ ಹುಡುಗ್ರು, ನೀವು ಹೇಳಿದ ಗ್ರಹ ಅರ್ಧ ಮರ್ತಾವ. ಡಬ್ಬಿ ಇಲ್ಲೇ ಇರ್ಲಿ. ಇನ್ನ ಮ್ಯಾಲೆ ಪಾಠ ಆಕಿ ಕಡಿಂದನ ಹೇಳಸ್ರಿ."

ಹಾಗೆಂದು ಟೊಪ್ಪಿಗೆಯನ್ನು ಎರಡೂ ಕೈಯಿಂದ ಒತ್ತಿ ಹಾಕಿಕೊಂಡು ಹೊರಟರು. ಗಿಡದ ಆಚೆ ಹೋದ ಮೇಲೆ ಅವರ ಹೆಗಲು ಕುಲುಕುತ್ತಿತ್ತು. ಅತ್ತರೋ ನಕ್ಕರೋ ಕೇಳುವ ಧೈರ್ಯ ನನಗಾಗಲಿಲ್ಲ.

ನೀಲಾ ಏಳನೆಯ ಇಯತ್ತೆ ಕಲಿತವಳು. ಮನೆಯಲ್ಲಿ ರೊಟ್ಟಿ ಬಡಿಯುತ್ತಲೇ ಟೇಪಿಗೆ ಮಗ್ಗಿ ಹೇಳಿಕೊಟ್ಟಳು. ಪಟಪಟ ಬಡಿತಕ್ಕೆ ತಕ್ಕಂತೆ ಮಕ್ಕಳು ತೊಡೆ ತಟ್ಟುತ್ತ ಹತ್ತೊಂಬತ್ತರ ಮಗ್ಗಿಯವರೆಗೆ ಕಲಿತವು. ಅಕ್ಕೋರು ರಜೆ ಮುಗಿಸಿ ಬಂದ ಮೇಲೂ ಆ ಟೇಪು ನಡೆಯಿತು.

ಎಷ್ಟೋ ವರ್ಷಗಳ ನಂತರ ನಾವಿಬ್ಬರೂ ಹುಬ್ಬಳ್ಳಿ ಬಸ್ಸಿನಲ್ಲಿದ್ದೆವು. ನೀಲಾ ಎರಡು ಟಿಕೆಟ್ ಕೇಳಿದ್ದೇ ತಡ, ಕಂಡಕ್ಟರ್ ಅವಳ ದನಿ ಗುರುತಿಸಿದ. "ಅಕ್ಕೋರ, ನಾ ನಿಮ್ಮ ಶಾಲಿಯಾಂವ್ರಿ. ಮಗ್ಗಿ ನೀವ ಕಲಿಸಿದ್ರಿ" ಎಂದು ಬಗ್ಗಿ ಅವಳ ಕಾಲು ಮುಟ್ಟಿದ. ಬಸ್ಸಿಗೆ ಬಸ್ಸೇ ನೋಡುತ್ತಿತ್ತು. ಹೇಗೂ ಬಗ್ಗಿದ್ದಾನಲ್ಲ, ಅವನಿಗೆ ಅನುಕೂಲವಾಗಲೆಂದು ನಾನೂ ನನ್ನ ಕಾಲನ್ನು ಸ್ವಲ್ಪ ಮುಂದೆ ಚಾಚಿದೆ.

"ಕಾಲು ಒಳಗ ತಗೋರಿ ಕಾಕಾ, ಮಂದಿ ಅಡ್ಡಾಡ್ತಾರ" ಎಂದು ಅವನು ಮುಂದಿನ ಸೀಟಿಗೆ ಹೋದ.